ಒಂದೇ ತಾರೀಖಿಗೆ ಎರಡೆರಡು ಚರಿತ್ರೆ: ಕಾಕತಾಳೀಯನಾ, ಯಾರಾದರೂ ಆರಿಸಿದ್ದಾ?

ದಿನಕ್ಕೊಂದು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ‘ಇತಿಹಾಸದಲ್ಲಿ ಈ ದಿನ’ ಅಂತ ನಾಲ್ಕು ಸಾಲು ಹಾಕುತ್ತಿದ್ದೇನೆ. ಯಾರೂ ಕೇಳಿರಲಿಲ್ಲ, ಸುಮ್ನೆ ಶುರು ಮಾಡಿದ್ದು. ಈಗ ಒಂದು ದಿನ ತಪ್ಪಿದರೆ "ಇವತ್ತು ಚರಿತ್ರೆಯಲ್ಲಿ ಏನೂ ಆಗಲೇ ಇಲ್ವಾ?" ಅಂತ ಕಾಲೆಳೆಯುತ್ತಾರೆ.

ನಾನು ಗಮನಿಸಿದ್ದು ಏನೆಂದರೆ, ಒಂದೇ ತಾರೀಖಿಗೆ ಎರಡು ದೊಡ್ಡ ಸಂಗತಿ ಸಿಕ್ಕ ದಿನ ಜನ ಜಾಸ್ತಿ ಓದುತ್ತಾರೆ. ಲಿಂಕನ್ ಮತ್ತು ಡಾರ್ವಿನ್ ಹುಟ್ಟಿದ್ದು ಒಂದೇ ದಿನ, 1809ರ ಫೆಬ್ರುವರಿ 12. ತಾರೀಖು ಮಾತ್ರ ಅಲ್ಲ, ವರ್ಷವೂ ಒಂದೇ. ಕೆನಡಿ ಗುಂಡಿಗೆ ಬಲಿಯಾದ 1963ರ ನವೆಂಬರ್ 22ರಂದೇ ಲೇಖಕರಾದ ಆಲ್ಡಸ್ ಹಕ್ಸ್ಲಿ ಮತ್ತು ಸಿ.ಎಸ್. ಲೂಯಿಸ್ ತೀರಿಕೊಂಡರು, ಕೆನಡಿ ಸುದ್ದಿಯ ಗದ್ದಲದಲ್ಲಿ ಇವರಿಬ್ಬರು ಹೋಗಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಸೆಪ್ಟೆಂಬರ್ 11 ಅಂದರೆ ಎಲ್ಲರಿಗೂ 2001 ನೆನಪಾಗುತ್ತದೆ, ಆದರೆ 1893ರಲ್ಲಿ ವಿವೇಕಾನಂದರು ಷಿಕಾಗೊದಲ್ಲಿ ಮಾತಾಡಿದ್ದು ಅದೇ ತಾರೀಖು, 1906ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಜನರಿಂದ ಪ್ರತಿಜ್ಞೆ ಮಾಡಿಸಿದ್ದೂ ಅದೇ ತಾರೀಖು, 1973ರಲ್ಲಿ ಚಿಲಿಯಲ್ಲಿ ಸೈನ್ಯ ಅಧ್ಯಕ್ಷ ಅಯೆಂದೆ ಸರ್ಕಾರವನ್ನು ಉರುಳಿಸಿದ್ದೂ ಅದೇ ತಾರೀಖು.

ಮರ್ಯಾದೆ ಹೋಗಿದ್ದು ಏಪ್ರಿಲ್ 23ಕ್ಕೆ. "ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸೆರ್ವಾಂಟಿಸ್ ಇಬ್ಬರೂ 1616ರ ಇದೇ ದಿನ ನಿಧನರಾದರು" ಅಂತ ಹಾಕಿದೆ. ಹತ್ತೇ ನಿಮಿಷದಲ್ಲಿ ಒಬ್ಬರು "ತಾರೀಖು ಒಂದೇ, ದಿನ ಒಂದೇ ಅಲ್ಲ" ಅಂತ ಬರೆದು ಸುಮ್ಮನಾದರು. ವಿವರ ಕೇಳಿದರೆ ನಗುವ ಮುಖ ಕಳಿಸಿದರು.

ಈಗ ನನ್ನ ಪ್ರಶ್ನೆ ಎರಡು. ಒಂದು, ಇಂಥ ಜೋಡಿಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನೋಡುವುದು ಹೇಗೆ? ಇನ್ನೊಂದು, ಇಷ್ಟೊಂದು ಜೋಡಿ ಯಾಕೆ ಸಿಗುತ್ತವೆ? ಏನೋ ಇದೆ ಅನ್ನಿಸುವುದಿಲ್ವಾ ನಿಮಗೆ?

ಹಳೇ_ಪಂಚಾಂಗ ಬರೆದದ್ದು:

ನಗುವ ಮುಖ ಕಳಿಸಿದವರು ಹೇಳಿದ್ದು ಸರಿಯಾಗಿಯೇ ಇದೆ, ಬಿಡಿಸಿ ಹೇಳುವಷ್ಟು ಪುರುಸೊತ್ತು ಇರಲಿಲ್ಲ ಅಷ್ಟೆ.

1616ರಲ್ಲಿ ಸ್ಪೇನ್ ಒಂದು ಕ್ಯಾಲೆಂಡರ್ ನೋಡುತ್ತಿತ್ತು, ಇಂಗ್ಲೆಂಡ್ ಇನ್ನೊಂದು. ಹಳೆಯದಾದ ಜೂಲಿಯನ್ ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ದಿನ ಸೇರಿಸುತ್ತಿದ್ದರು. ಅದು ಸ್ವಲ್ಪ ಜಾಸ್ತಿಯೇ ಆಯಿತು. ವರ್ಷಕ್ಕೆ ಹನ್ನೊಂದು ನಿಮಿಷದ ವ್ಯತ್ಯಾಸ ಸೇರಿ ಸೇರಿ 16ನೇ ಶತಮಾನದ ಹೊತ್ತಿಗೆ ಹತ್ತು ದಿನ ಆಗಿತ್ತು. ಅದನ್ನು ಸರಿಮಾಡಲು ಪೋಪ್ ಗ್ರೆಗರಿ ಹೊಸ ಕ್ಯಾಲೆಂಡರ್ ತಂದರು. ಸ್ಪೇನಿನಲ್ಲಿ 1582ರ ಅಕ್ಟೋಬರ್ 4 ಗುರುವಾರ ರಾತ್ರಿ ಮಲಗಿದವರು ಶುಕ್ರವಾರ ಬೆಳಿಗ್ಗೆ ಏಳುವಾಗ ಅಕ್ಟೋಬರ್ 15. ನಡುವಿನ ಹತ್ತು ತಾರೀಖು ಇಲ್ಲವೇ ಇಲ್ಲ. ಆವಿಲಾದ ಸಂತ ತೆರೇಸಾ ತೀರಿಕೊಂಡಿದ್ದು ಸರಿಯಾಗಿ ಅದೇ ರಾತ್ರಿ! ನಿಮ್ಮ ಗುಂಪಿಗೆ ಇದನ್ನು ಹಾಕಿ, ನಾಲ್ಕರ ರಾತ್ರಿ ಸತ್ತವರ ಮಾರನೇ ದಿನ ಹದಿನೈದು.

ಇಂಗ್ಲೆಂಡ್ ಮಾತ್ರ ಪೋಪ್ ಹೇಳಿದ್ದನ್ನು ನಾವ್ಯಾಕೆ ಕೇಳಬೇಕು ಅಂತ 1752ರವರೆಗೆ ಹಳೆಯದನ್ನೇ ಇಟ್ಟುಕೊಂಡಿತು. ಹಾಗಾಗಿ ಶೇಕ್ಸ್‌ಪಿಯರ್ ಸತ್ತ ಇಂಗ್ಲೆಂಡಿನ ಏಪ್ರಿಲ್ 23 ಅಂದರೆ ಸ್ಪೇನಿನ ಲೆಕ್ಕದಲ್ಲಿ ಮೇ 3. ಇಬ್ಬರ ನಡುವೆ ಹತ್ತು ದಿನ ಇದೆ.

ಇದೇ ತಪ್ಪಿನಿಂದ ಹುಟ್ಟಿದ ಇನ್ನೊಂದು ಕತೆ "ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ" ಅನ್ನುವುದು. ಗೆಲಿಲಿಯೊ ಸತ್ತಿದ್ದು 1642ರ ಜನವರಿ 8, ಇಟಲಿಯ ಹೊಸ ಕ್ಯಾಲೆಂಡರಿನಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಹಳೇ ಕ್ಯಾಲೆಂಡರಿನಲ್ಲಿ. ಎರಡನ್ನೂ ಒಂದೇ ಲೆಕ್ಕಕ್ಕೆ ತಂದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಕ್ರಿಸ್ಮಸ್ ದಿನವೂ ಹೋಯಿತು, ಗೆಲಿಲಿಯೊ ವರ್ಷವೂ ಹೋಯಿತು.

ರಷ್ಯಾ ಹಳೇ ಕ್ಯಾಲೆಂಡರನ್ನು 1918ರವರೆಗೆ ಬಿಡಲಿಲ್ಲ, ಅದಕ್ಕೇ ‘ಅಕ್ಟೋಬರ್ ಕ್ರಾಂತಿ’ಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬರುತ್ತಿತ್ತು. ಹಾಗಾಗಿ 1582ರಿಂದ ಈಚೆಗಿನ ಯಾವ ಜೋಡಿ ಸಿಕ್ಕರೂ ಮೊದಲು ಎರಡೂ ಕಡೆ ಗೋಡೆಯ ಮೇಲೆ ಯಾವ ಕ್ಯಾಲೆಂಡರ್ ಇತ್ತು ಅಂತ ನೋಡಿ.

ಲೆಕ್ಕದ_ಮೇಷ್ಟ್ರು ಬರೆದದ್ದು:

ಎರಡನೇ ಪ್ರಶ್ನೆ ನನ್ನದು. "ಏನೋ ಇದೆ" ಅನ್ನಿಸುವುದು ಸಹಜ, ಆದರೆ ಏನೂ ಇಲ್ಲ.

ಒಂದು ಕೋಣೆಯಲ್ಲಿ 23 ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 57 ಜನ ಇದ್ದರೆ ನೂರಕ್ಕೆ 99. ಮೊದಲ ಸಲ ಕೇಳಿದವರು ಯಾರೂ ನಂಬುವುದಿಲ್ಲ. 365 ದಿನ ಇದೆ, 23 ಜನ ಸಾಕಾ ಅಂತಾರೆ. ಲೆಕ್ಕ ಹಾಕಬೇಕಿರುವುದು ತಲೆಗಳನ್ನಲ್ಲ, ಜೋಡಿಗಳನ್ನು. 23 ಜನರಲ್ಲಿ 253 ಜೋಡಿ ಇವೆ. ಅಮೆರಿಕದ ಅಧ್ಯಕ್ಷರ ಪಟ್ಟಿಯನ್ನೇ ನೋಡಿ, ಪೋಕ್ ಮತ್ತು ಹಾರ್ಡಿಂಗ್ ಇಬ್ಬರೂ ಹುಟ್ಟಿದ್ದು ನವೆಂಬರ್ 2, ಫಿಲ್ಮೋರ್ ಮತ್ತು ಟ್ಯಾಫ್ಟ್ ಇಬ್ಬರೂ ಸತ್ತಿದ್ದು ಮಾರ್ಚ್ 8. ನಲವತ್ತು ಚಿಲ್ಲರೆ ಜನ ಇರುವ ಪಟ್ಟಿಯಲ್ಲಿ ಇಂಥದ್ದು ಇಲ್ಲದಿದ್ದರೆ ಆಗ ಆಶ್ಚರ್ಯ ಪಡಬೇಕಿತ್ತು.

ಚರಿತ್ರೆಯಲ್ಲಿ ನೀವು ‘ದೊಡ್ಡದು’ ಅನ್ನುವ ಸಂಗತಿ ಬರೀ ಒಂದು ಸಾವಿರ ಇದ್ದರೂ ಒಂದೊಂದು ತಾರೀಖಿಗೆ ಸರಾಸರಿ ಎರಡಕ್ಕಿಂತ ಹೆಚ್ಚು ಬೀಳುತ್ತವೆ. ನಿಮ್ಮ ಹತ್ತಿರ ಇರುವುದು ಸಾವಿರ ಅಲ್ಲ, ಹತ್ತಾರು ಸಾವಿರ. ಅದರಲ್ಲಿ ಹುಟ್ಟು, ಸಾವು, ಯುದ್ಧ, ರಾಕೆಟ್ಟು ಯಾವುದು ಸಿಕ್ಕರೂ ನಿಮಗೆ ನಡೆಯುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾಯಿತು ಅಂತಾರಲ್ಲ, ಇಲ್ಲಿ ಇಡೀ ಕಾಡು ತುಂಬ ಕಾಗೆ ಕೂತಿವೆ.

ಸ್ಟೀಫನ್ ಹಾಕಿಂಗ್ ಹುಟ್ಟಿದ್ದು 1942ರ ಜನವರಿ 8, ಗೆಲಿಲಿಯೊ ಸತ್ತು ಸರಿಯಾಗಿ 300 ವರ್ಷ. ಸತ್ತಿದ್ದು 2018ರ ಮಾರ್ಚ್ 14, ಐನ್‌ಸ್ಟೈನ್ ಹುಟ್ಟಿದ ದಿನ. ಜನ ಇದನ್ನು ಕೈಯಲ್ಲಿ ಹಿಡಿದು ಕುಣಿದರು. ಹಾಕಿಂಗ್ ಮಾತ್ರ ಬದುಕಿದ್ದಾಗಲೇ ಹೇಳಿದ್ದರು, ಆ ದಿನ ಇನ್ನೂ ಎರಡು ಲಕ್ಷ ಮಕ್ಕಳಾದರೂ ಹುಟ್ಟಿರಬೇಕು ಅಂತ. ಅಂದಹಾಗೆ ಮಾರ್ಚ್ 14ಕ್ಕೆ ಕಾರ್ಲ್ ಮಾರ್ಕ್ಸ್ ಕೂಡ ಸತ್ತಿದ್ದು, 1883ರಲ್ಲಿ. ಅದನ್ನು ಯಾರೂ ಹಾಕಿಂಗ್ ಜೊತೆ ಸೇರಿಸುವುದಿಲ್ಲ, ಕತೆಗೆ ಹೊಂದುವುದಿಲ್ಲವಲ್ಲ.

ಸುಮ್ನೆ_ಓದುಗ ಬರೆದದ್ದು:

ಮೇಷ್ಟ್ರೇ, ಎಲ್ಲ ಸರಿ. ಜುಲೈ 4ಕ್ಕೆ ಏನು ಹೇಳ್ತೀರಿ? ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್, ಇಬ್ಬರೂ ಸ್ವಾತಂತ್ರ್ಯ ಘೋಷಣೆಯ ಕರಡು ಸಮಿತಿಯಲ್ಲಿ ಇದ್ದವರು, ಇಬ್ಬರೂ ಅಧ್ಯಕ್ಷರಾದವರು, ಆ ಘೋಷಣೆಗೆ 50 ವರ್ಷ ತುಂಬಿದ ದಿನವೇ, 1826ರ ಜುಲೈ 4ರಂದೇ, ಇಬ್ಬರೂ ಸತ್ತರು. ಐದು ವರ್ಷ ಬಿಟ್ಟು ಮನ್ರೋ ಕೂಡ ಜುಲೈ 4ಕ್ಕೇ. ಮೊದಲ ಐದು ಅಧ್ಯಕ್ಷರಲ್ಲಿ ಮೂರು ಜನ!

ಲೆಕ್ಕದ_ಮೇಷ್ಟ್ರು ಬರೆದದ್ದು:

ನೀವು ಅದನ್ನೇ ತೆಗೆಯುತ್ತೀರಿ ಅಂತ ಗೊತ್ತಿತ್ತು. ಆ ವರ್ಷ ಇಬ್ಬರೂ ಸಾಯುತ್ತಾರೆ ಅಂತಲೇ ಇಟ್ಟುಕೊಂಡರೂ ಇಬ್ಬರದೂ ಅದೇ ಒಂದು ತಾರೀಖಿಗೆ ಬೀಳುವುದು 1 ಲಕ್ಷ 33 ಸಾವಿರಕ್ಕೆ ಒಂದು. ಒಪ್ಪಿದೆ, ಇದು ಚಿಕ್ಕದಲ್ಲ.

ಆದರೆ ಈ ಲೆಕ್ಕ ಇಬ್ಬರಿಗೂ ಎಲ್ಲ ದಿನವೂ ಒಂದೇ ಅಂತ ಹಿಡಿಯುತ್ತದೆ. ಅವರಿಗೆ ಹಾಗಿರಲಿಲ್ಲ. ಆಡಮ್ಸ್‌ಗೆ 90, ಜೆಫರ್ಸನ್‌ಗೆ 83, ಇಬ್ಬರೂ ಹಾಸಿಗೆ ಹಿಡಿದಿದ್ದರು, ಇಬ್ಬರಿಗೂ ಆ ದಿನ ಬರುತ್ತಿದೆ ಅಂತ ಗೊತ್ತಿತ್ತು. ಜೆಫರ್ಸನ್ ಹಿಂದಿನ ರಾತ್ರಿ ಎಚ್ಚರಾದಾಗ "ನಾಲ್ಕನೇ ತಾರೀಖು ಆಯಿತಾ?" ಅಂತ ಕೇಳಿದರಂತೆ. ಆ ದಿನ ನೋಡಿಯೇ ಹೋಗುತ್ತೇನೆ ಅಂತ ಜೀವ ಹಿಡಿದುಕೊಂಡಿದ್ದರೆ ಅದು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಆಡಮ್ಸ್ ಕೊನೆಗೆ ಜೆಫರ್ಸನ್ ಇನ್ನೂ ಬದುಕಿದ್ದಾನೆ ಅನ್ನುವ ಅರ್ಥದ ಮಾತಾಡಿದರು ಅಂತ ಹೇಳುತ್ತಾರೆ, ಅಷ್ಟೊತ್ತಿಗೆ ಜೆಫರ್ಸನ್ ಹೋಗಿ ಕೆಲವು ಗಂಟೆ ಆಗಿತ್ತು.

ಇನ್ನೊಂದು ತಮಾಷೆ. ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು 1776ರ ಜುಲೈ 2ಕ್ಕೆ, ಮುಂದಿನವರು ಹಬ್ಬ ಮಾಡುವುದು ಜುಲೈ 2ನ್ನೇ ಅಂತ ಆಡಮ್ಸ್ ಹೆಂಡತಿಗೆ ಕಾಗದ ಬರೆದಿದ್ದರು. ನಾಲ್ಕಕ್ಕೆ ಆಗಿದ್ದು ಘೋಷಣೆಯ ಬರಹಕ್ಕೆ ಒಪ್ಪಿಗೆ. ಬಹಳಷ್ಟು ಜನ ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಹಬ್ಬ ಎರಡಕ್ಕೇ ನಿಂತಿದ್ದರೆ ನಿಮ್ಮ ಪ್ರಶ್ನೆಯೇ ಇರುತ್ತಿರಲಿಲ್ಲ.

ಕಡತ_ಕೆದಕುವವ ಬರೆದದ್ದು:

ಎಲ್ಲರೂ ಕಾಕತಾಳೀಯದ ಬಗ್ಗೆಯೇ ಮಾತಾಡುತ್ತಿದ್ದೀರಿ. ಎಷ್ಟೋ ಜೋಡಿಗಳು ತಾನಾಗಿ ಬಿದ್ದವಲ್ಲ, ಯಾರೋ ಕೂತು ಆರಿಸಿದ್ದು. ನನಗೆ ರುಚಿ ಅನ್ನಿಸುವುದು ಅವೇ.

ಜಪಾನಿನ ಚಕ್ರವರ್ತಿ ರೇಡಿಯೊದಲ್ಲಿ ಶರಣಾಗತಿ ಹೇಳಿದ್ದು 1945ರ ಆಗಸ್ಟ್ 15. ಎರಡು ವರ್ಷ ಬಿಟ್ಟು ಭಾರತಕ್ಕೆ ಸ್ವಾತಂತ್ರ್ಯ ಅದೇ ತಾರೀಖು. ಬ್ರಿಟಿಷರು ಮೊದಲು ಹೇಳಿದ್ದ ಗಡುವು 1948ರ ಜೂನ್. ಅದನ್ನು ಹಿಂದಕ್ಕೆ ತಂದು ಆಗಸ್ಟ್ 15 ಅಂದಿದ್ದು ಮೌಂಟ್‌ಬ್ಯಾಟನ್. ಯುದ್ಧದಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥ ಅವರೇ, ಜಪಾನ್ ಸೋತ ದಿನ ಅವರ ಸ್ವಂತ ಗೆಲುವಿನ ದಿನ. ಅದೇ ಮನಸ್ಸಿಗೆ ಬಂತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಕೊರಿಯಾಕ್ಕೂ ಅದೇ ದಿನ ಬಿಡುಗಡೆಯ ದಿನ, ಅದಕ್ಕೆ ಕಾರಣವೂ ಅದೇ ಜಪಾನಿನ ಸೋಲು. ಅಂದರೆ ಎರಡು ದೇಶದ ಹಬ್ಬ ಒಂದೇ ರೇಡಿಯೊ ಭಾಷಣಕ್ಕೆ ಗಂಟು ಬಿದ್ದಿದೆ. ಅರವಿಂದರು 1872ರ ಆಗಸ್ಟ್ 15ಕ್ಕೆ ಹುಟ್ಟಿದ್ದು ಮತ್ತು ನೆಪೋಲಿಯನ್ 1769ರ ಆಗಸ್ಟ್ 15ಕ್ಕೆ ಹುಟ್ಟಿದ್ದು ಮಾತ್ರ ಮೇಷ್ಟ್ರ ಕಾಗೆಗಳು.

ಪಾಕಿಸ್ತಾನದ್ದು ಇನ್ನೂ ಮಜಾ. ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯಲ್ಲಿ ಎರಡೂ ದೇಶಕ್ಕೆ ಒಂದೇ ತಾರೀಖು, ಆಗಸ್ಟ್ 15. 1948ರಲ್ಲಿ ಅವರು ಮೊದಲು ಹೊರತಂದ ಸ್ಮಾರಕ ಅಂಚೆಚೀಟಿಗಳ ಮೇಲೂ 15 ಅಂತಲೇ ಇದೆ. ಆಮೇಲೆ ಆಚರಣೆ 14ಕ್ಕೆ ಹೋಯಿತು. ಒಂದೇ ದಿನ ಇದ್ದದ್ದು ಎರಡಾದ ಉದಾಹರಣೆ, ನಿಮ್ಮ ಪಟ್ಟಿಗೆ ಉಲ್ಟಾ.

ಜನವರಿ 26 ಕೂಡ ಆರಿಸಿದ್ದು. ಸಂವಿಧಾನ ಅಂಗೀಕಾರ ಆಗಿದ್ದು 1949ರ ನವೆಂಬರ್ 26ಕ್ಕೆ. ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದರು, ಯಾಕೆಂದರೆ 1930ರ ಜನವರಿ 26ಕ್ಕೆ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿ ಅದನ್ನೇ ಸ್ವಾತಂತ್ರ್ಯ ದಿನ ಅಂತ ಆಚರಿಸುತ್ತಿದ್ದರು, ಆಗಸ್ಟ್ 15 ಬಂದು ಆ ದಿನದ ಜಾಗ ಕಿತ್ತುಕೊಂಡಿತ್ತು.

ಆರಿಸುವುದರಲ್ಲಿ ಎತ್ತಿದ ಕೈ ಅಂದರೆ ಫ್ರಾನ್ಸಿನ ಲೂಯಿ ನೆಪೋಲಿಯನ್. ದೊಡ್ಡಪ್ಪ ನೆಪೋಲಿಯನ್ ಕಿರೀಟ ಇಟ್ಟುಕೊಂಡಿದ್ದು 1804ರ ಡಿಸೆಂಬರ್ 2, ಆಸ್ಟರ್ಲಿಟ್ಸ್ ಯುದ್ಧ ಗೆದ್ದಿದ್ದು ಮರುವರ್ಷ ಅದೇ ದಿನ. ಈತ 1851ರಲ್ಲಿ ಅಧಿಕಾರ ಕಸಿದುಕೊಂಡಿದ್ದು ಡಿಸೆಂಬರ್ 2, ಮುಂದಿನ ವರ್ಷ ಚಕ್ರವರ್ತಿ ಅಂತ ಘೋಷಿಸಿಕೊಂಡಿದ್ದೂ ಡಿಸೆಂಬರ್ 2. ಇದರಲ್ಲಿ ಸಾಧ್ಯತೆಯ ಲೆಕ್ಕಕ್ಕೆ ಕೆಲಸವೇ ಇಲ್ಲ, ಆತನ ಹತ್ತಿರ ಕ್ಯಾಲೆಂಡರ್ ಇತ್ತು.

ಹಳೇ_ಪಂಚಾಂಗ ಬರೆದದ್ದು:

ಸಂಗೊಳ್ಳಿ ರಾಯಣ್ಣನನ್ನು ಬಿಟ್ಟಿರಲ್ಲ! ಹುಟ್ಟು ಆಗಸ್ಟ್ 15, ಗಲ್ಲಿಗೇರಿದ್ದು 1831ರ ಜನವರಿ 26 ಅಂತ ಎರಡೂ ದಿನ ನೆನೆಯುತ್ತಾರೆ. ರಾಯಣ್ಣ ಹೋಗಿ ನೂರು ವರ್ಷ ಆದ ಮೇಲೆ ಆ ಎರಡು ತಾರೀಖಿಗೆ ಬೇರೆಯೇ ತೂಕ ಬಂತು.

ರಾಕೆಟ್_ರಂಗಿ ಬರೆದದ್ದು:

ಆರಿಸಿದಂತೆ ಕಂಡರೂ ಆರಿಸಿದ್ದಲ್ಲ ಅನ್ನುವ ಜಾತಿಯೂ ಒಂದಿದೆ. ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿದ್ದು 1961ರ ಏಪ್ರಿಲ್ 12. ಅಮೆರಿಕದ ಮೊದಲ ಸ್ಪೇಸ್ ಷಟಲ್ ‘ಕೊಲಂಬಿಯಾ’ ಹಾರಿದ್ದು 1981ರ ಏಪ್ರಿಲ್ 12. ಸರಿಯಾಗಿ ಇಪ್ಪತ್ತು ವರ್ಷ. ಇದು ಬೇಕಂತಲೇ ಮಾಡಿದ್ದು ಅಂತ ಯಾರಾದರೂ ಪಂದ್ಯ ಕಟ್ಟುತ್ತಾರೆ. ಆದರೆ ಷಟಲ್ ಹಾರಬೇಕಿದ್ದದ್ದು ಏಪ್ರಿಲ್ 10ಕ್ಕೆ. ಅದರ ಕಂಪ್ಯೂಟರುಗಳ ಸಮಯ ಒಂದಕ್ಕೊಂದು ಹೊಂದಲಿಲ್ಲ, ಉಡಾವಣೆ ಎರಡು ದಿನ ಮುಂದಕ್ಕೆ ಹೋಯಿತು.

ಇದರ ತದ್ವಿರುದ್ಧ ಅಮೆರಿಕದ ನೌಕೆ ವೈಕಿಂಗ್ 1. ಮಂಗಳನ ಮೇಲೆ 1976ರ ಜುಲೈ 4ಕ್ಕೆ ಇಳಿಸಿ ಅಮೆರಿಕದ 200ನೇ ವರ್ಷ ಆಚರಿಸಬೇಕು ಅಂತ ಆಸೆ ಇತ್ತು. ಮೇಲಿಂದ ಫೋಟೊ ತೆಗೆದು ನೋಡಿದರೆ ಇಳಿಯುವ ಜಾಗ ಒರಟಾಗಿ ಕಂಡಿತು, ಬೇರೆ ಜಾಗ ಹುಡುಕುತ್ತಾ ಕೂತರು. ಕೊನೆಗೆ ಇಳಿದಿದ್ದು ಜುಲೈ 20, ಮನುಷ್ಯ ಚಂದ್ರನ ಮೇಲೆ ಇಳಿದು ಏಳು ವರ್ಷ ಆದ ದಿನ! ಬೇಕಾದ ದಿನ ತಪ್ಪಿ, ಕೇಳದ ದಿನ ಸಿಕ್ಕಿತು.

ಹಳೇ_ಪಂಚಾಂಗ ಬರೆದದ್ದು:

ರಂಗಿ ಮೇಡಂ, ಜುಲೈ 20 ಯಾರ ಗಡಿಯಾರದಲ್ಲಿ? ‘ಈಗಲ್’ ಚಂದ್ರನ ಮೇಲೆ ಇಳಿದಾಗ ಗ್ರೀನಿಚ್‌ನಲ್ಲಿ 20ರ ರಾತ್ರಿ 8:17, ಭಾರತದಲ್ಲಿ ಆಗಲೇ 21ರ ನಸುಕಿನ 1:47. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಗ್ರೀನಿಚ್‌ನಲ್ಲೂ 21 ಆಗಿತ್ತು. ವೈಕಿಂಗ್ ಇಳಿದಿದ್ದು ಮಾತ್ರ ಭಾರತದಲ್ಲೂ 20ರ ಸಂಜೆಯೇ. ಅಂದರೆ ಈ ಜೋಡಿ ಅಮೆರಿಕದಲ್ಲಿ ಇದೆ, ಭಾರತದಲ್ಲಿ ಇಲ್ಲ.

ಎರಡನೇ ಮಹಾಯುದ್ಧದಲ್ಲೂ ಇದೇ ಗೋಳು. ಬರ್ಲಿನ್‌ನಲ್ಲಿ ಮೇ 8ರ ರಾತ್ರಿ ಜರ್ಮನಿ ಶರಣಾದಾಗ ಮಾಸ್ಕೋದಲ್ಲಿ 9 ಆಗಿಬಿಟ್ಟಿತ್ತು, ಅದಕ್ಕೇ ರಷ್ಯಾದಲ್ಲಿ ವಿಜಯದ ದಿನ ಮೇ 9.

ರಾಕೆಟ್_ರಂಗಿ ಬರೆದದ್ದು:

ಅಯ್ಯೋ, ಇದನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಏಪ್ರಿಲ್ 12 ಆದರೂ ಉಳಿಯಿತಾ ಅಂತ ಈಗ ನೋಡಿದೆ. ಉಳಿದಿದೆ, ಗಗಾರಿನ್ ಹಾರಿದಾಗ ಭಾರತದಲ್ಲಿ ಬೆಳಿಗ್ಗೆ 11:37, ಷಟಲ್ ಹಾರಿದಾಗ ಸಂಜೆ ಐದೂವರೆ.

ಕಡತ_ಕೆದಕುವವ ಬರೆದದ್ದು:

ಜರ್ಮನಿ ಅಂದಾಗ ನೆನಪಾಯಿತು, ನವೆಂಬರ್ 9 ಬಗ್ಗೆ ಯಾರೂ ಬರೆದಿಲ್ಲ. ನನ್ನ ಪ್ರಕಾರ ಇದರಷ್ಟು ಗೋಜಲಿನ ತಾರೀಖು ಇನ್ನೊಂದಿಲ್ಲ, ಯಾಕೆಂದರೆ ಇದರಲ್ಲಿ ಅರ್ಧ ಆರಿಸಿದ್ದು, ಅರ್ಧ ಕಾಗೆ.

1918ರ ನವೆಂಬರ್ 9: ಜರ್ಮನಿಯ ಚಕ್ರವರ್ತಿ ಕೈಸರ್ ಗಾದಿ ಬಿಟ್ಟ ಸುದ್ದಿ ಬಂತು, ರಾಜಕಾರಣಿ ಷೈಡೆಮಾನ್ ಬರ್ಲಿನ್‌ನ ಪಾರ್ಲಿಮೆಂಟ್ ಕಟ್ಟಡದಿಂದ ಗಣರಾಜ್ಯ ಘೋಷಿಸಿದರು. ಅದೇ ದಿನ ಎಡಪಂಥದ ಮುಖಂಡ ಲೀಬ್ಕ್ನೆಕ್ಟ್ ಇನ್ನೊಂದು ಕಡೆ ಸಮಾಜವಾದಿ ಗಣರಾಜ್ಯ ಘೋಷಿಸಿದರು. ಆ ದಿನವನ್ನು ಜರ್ಮನಿಗೆ ಆದ ದ್ರೋಹ ಅಂತ ಬೈಯುತ್ತಾ ಬೆಳೆದವನು ಹಿಟ್ಲರ್. 1923ರಲ್ಲಿ, ಸರಿಯಾಗಿ ಐದು ವರ್ಷಕ್ಕೆ, ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿದ, 9ರ ಮಧ್ಯಾಹ್ನ ಪೊಲೀಸರ ಗುಂಡಿಗೆ ಅದು ಮುರಿದುಬಿತ್ತು. ಅಧಿಕಾರಕ್ಕೆ ಬಂದ ಮೇಲೆ ಪ್ರತಿವರ್ಷ ಆ ದಿನ ಮ್ಯೂನಿಕ್‌ನಲ್ಲಿ ಪಕ್ಷದವರೆಲ್ಲ ಸೇರುವುದು ರೂಢಿಯಾಯಿತು. 1938ರಲ್ಲಿ ಹಾಗೆ ಸೇರಿದ್ದಾಗಲೇ, ಪ್ಯಾರಿಸ್‌ನಲ್ಲಿ ಯಹೂದಿ ಹುಡುಗನೊಬ್ಬನಿಂದ ಗುಂಡೇಟು ತಿಂದಿದ್ದ ಜರ್ಮನ್ ರಾಜತಂತ್ರಜ್ಞ ಫಾಮ್ ರಾಟ್ ಸತ್ತ ಸುದ್ದಿ ಬಂತು. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಎದ್ದು ನಿಂತು ಭಾಷಣ ಮಾಡಿದ. ಮುಖಂಡರೆಲ್ಲ ಒಂದೇ ಕಡೆ ಇದ್ದರು, ಅಲ್ಲಿಂದಲೇ ಊರೂರಿಗೆ ಆದೇಶ ಹೋಯಿತು, ಆ ರಾತ್ರಿ ದೇಶದ ತುಂಬ ಯಹೂದಿಗಳ ಪ್ರಾರ್ಥನಾ ಮಂದಿರಗಳು ಸುಟ್ಟುಹೋದವು. 1923 ಇಲ್ಲದಿದ್ದರೆ 1938 ಆ ರಾತ್ರಿ ಆ ಥರ ಆಗುತ್ತಿರಲಿಲ್ಲ. ಇದನ್ನು ಕಾಕತಾಳೀಯ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ 1989ರ ನವೆಂಬರ್ 9, ಬರ್ಲಿನ್ ಗೋಡೆ? ಅದು ಶುದ್ಧ ಎಡವಟ್ಟು. ಪೂರ್ವ ಜರ್ಮನಿಯ ಹೊಸ ಪ್ರಯಾಣದ ನಿಯಮ ಮಾರನೇ ದಿನ, 10ಕ್ಕೆ, ಹೊರಬೀಳಬೇಕಿತ್ತು. ಷಾಬೋವ್‌ಸ್ಕಿ ಅನ್ನುವ ಅಧಿಕಾರಿ ಟೀವಿಯಲ್ಲಿ ನೇರವಾಗಿ ಬರುತ್ತಿದ್ದ ಪತ್ರಿಕಾಗೋಷ್ಠಿಯಲ್ಲಿ ಚೀಟಿ ಓದಿದ. ಯಾವಾಗಿಂದ ಅಂತ ಒಬ್ಬರು ಕೇಳಿದರು. ಕಾಗದ ತಿರುಗಿಸಿ ನೋಡಿ, ತನಗೆ ಗೊತ್ತಿರುವ ಹಾಗೆ ತಕ್ಷಣದಿಂದಲೇ ಅಂದುಬಿಟ್ಟ. ಜನ ಗೋಡೆಯ ಹತ್ತಿರ ಸೇರಿದರು, ಕಾವಲಿನವರು ತಡೆಯಲಾರದೆ ಗೇಟು ತೆರೆದರು.

ಇಷ್ಟು ಖುಷಿಯ ದಿನ ಆದರೂ ಜರ್ಮನಿ ಅದನ್ನು ರಾಷ್ಟ್ರೀಯ ದಿನ ಮಾಡಿಕೊಳ್ಳಲಿಲ್ಲ. 1938ರ ರಾತ್ರಿ ಅದೇ ತಾರೀಖಿನಲ್ಲಿ ಕೂತಿದೆಯಲ್ಲ. ಎರಡು ಜರ್ಮನಿ ಒಂದಾದ 1990ರ ಅಕ್ಟೋಬರ್ 3 ಅವರ ಹಬ್ಬದ ದಿನ.

ದಿನಕ್ಕೊಂದು ಬರೆದದ್ದು:

ಅಬ್ಬಾ, ನಾಲ್ಕು ಸಾಲು ಕೇಳಿದರೆ ನಾಲ್ಕು ತಿಂಗಳಿಗೆ ಆಗುವಷ್ಟು ಕೊಟ್ಟಿರಿ. ಎಲ್ಲರಿಗೂ ಥ್ಯಾಂಕ್ಸ್. ಇನ್ನು ಜೋಡಿ ಸಿಕ್ಕಾಗ ಕ್ಯಾಲೆಂಡರ್ ನೋಡುತ್ತೇನೆ, ಗಡಿಯಾರ ನೋಡುತ್ತೇನೆ, ಆಮೇಲೆ ಆ ದಿನವನ್ನು ಆರಿಸಿದವರು ಯಾರಾದರೂ ಇದ್ದಾರಾ ಅಂತ ನೋಡುತ್ತೇನೆ.

ಏಪ್ರಿಲ್ 23ಕ್ಕೆ ತಿದ್ದುಪಡಿ ಹೀಗೆ ಬರೆದಿದ್ದೇನೆ, ಸರಿಯಾ ಹೇಳಿ: "ಸೆರ್ವಾಂಟಿಸ್ 1616ರ ಏಪ್ರಿಲ್ 23ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಅದಾದ ಹತ್ತು ದಿನಕ್ಕೆ, ಇಂಗ್ಲೆಂಡಿನ ಲೆಕ್ಕದ ಏಪ್ರಿಲ್ 23ರಂದು, ಶೇಕ್ಸ್‌ಪಿಯರ್ ತಮ್ಮ ಹುಟ್ಟಿದ ದಿನವೇ ತೀರಿಕೊಂಡರು."

ಕಡತ_ಕೆದಕುವವ ಬರೆದದ್ದು:

ಬೇಜಾರು ಮಾಡಿಕೊಳ್ಳಬೇಡಿ. ಸೆರ್ವಾಂಟಿಸ್ ಸತ್ತಿದ್ದು 22ಕ್ಕೆ, ಮಣ್ಣು ಮಾಡಿದ್ದು 23ಕ್ಕೆ. ಚರ್ಚಿನ ಪುಸ್ತಕದಲ್ಲಿ ಬರೆದಿದ್ದು ಮಣ್ಣು ಮಾಡಿದ ದಿನ, ಅದೇ ಓಡಾಡಿತು. ಶೇಕ್ಸ್‌ಪಿಯರ್ ಹುಟ್ಟಿದ ದಿನಕ್ಕೂ ದಾಖಲೆ ಇಲ್ಲ, ಇರುವುದು 1564ರ ಏಪ್ರಿಲ್ 26ಕ್ಕೆ ದೀಕ್ಷಾಸ್ನಾನ ಆಯಿತು ಅಂತ ಮಾತ್ರ. 23 ಅನ್ನುವುದು ಆಮೇಲಿನವರು ಹಿಂದಕ್ಕೆ ಎಣಿಸಿ ಇಟ್ಟಿದ್ದು.

ದಿನಕ್ಕೊಂದು ಬರೆದದ್ದು:

ಹಾಗಾದರೆ ಆ ದಿನ ಏನು ಹಾಕಲಿ ಮಾರಾಯ್ರೇ?

ಹಳೇ_ಪಂಚಾಂಗ ಬರೆದದ್ದು:

ವಿಶ್ವ ಪುಸ್ತಕ ದಿನ ಅಂತ ಹಾಕಿ. ಯುನೆಸ್ಕೊ 1995ರಲ್ಲಿ ಗೊತ್ತು ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ. ಆ ತಾರೀಖೇ ಯಾಕೆ ಅಂತ ಯಾರಾದರೂ ಕೇಳಿದರೆ ಮಾತ್ರ ಕಷ್ಟ, ಶೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಇಬ್ಬರೂ ಆ ದಿನ ಸತ್ತರು ಅಂತಲೇ ಅದನ್ನು ಆರಿಸಿದ್ದು.